ಯಾವ ಧ್ಯಾನ ಯಾರಿಗೆ: ಕರಾವಳಿಯಲ್ಲಿ ಆರಂಭಿಸುವವರಿಗೆ ಒಂದು ಹೋಲಿಕೆ

ಮಂಗಳೂರಿನಲ್ಲೋ ಉಡುಪಿಯಲ್ಲೋ ಧ್ಯಾನ ಕಲಿಯಬೇಕೆಂದು ನಾಲ್ಕು ಜನರಲ್ಲಿ ವಿಚಾರಿಸಿದರೆ ನಾಲ್ಕು ದಿಕ್ಕಿನ ಸಲಹೆ ಸಿಗುತ್ತದೆ. ಕಚೇರಿಯ ಸಹೋದ್ಯೋಗಿ ಸುದರ್ಶನ ಕ್ರಿಯೆಯ ಶಿಬಿರಕ್ಕೆ ಕರೆಯುತ್ತಾರೆ, ಪಕ್ಕದ ಮನೆಯವರು ಬ್ರಹ್ಮಾಕುಮಾರಿ ಕೇಂದ್ರದ ಏಳು ದಿನಗಳ ಪಾಠವನ್ನು ಹೊಗಳುತ್ತಾರೆ, ಬೆಂಗಳೂರಿನಲ್ಲಿರುವ ಮಗ ಮೊಬೈಲಿಗೆ ಆ್ಯಪ್ ಹಾಕಿಕೊಡುತ್ತಾನೆ, ವೈದ್ಯರು ‘ಸ್ವಲ್ಪ ಧ್ಯಾನ ಮಾಡಿ’ ಎಂದಷ್ಟೇ ಹೇಳಿ ಮುಂದಿನ ರೋಗಿಯನ್ನು ಒಳಗೆ ಕರೆಯುತ್ತಾರೆ. ಇವೆಲ್ಲವೂ ಧ್ಯಾನದ ಹೆಸರಿನಲ್ಲಿಯೇ ನಡೆಯುತ್ತವೆಯಾದರೂ ಬೇಡುವ ಸಮಯ, ಖರ್ಚು ಮತ್ತು ಶ್ರಮದಲ್ಲಿ ಒಂದಕ್ಕೊಂದು ಸಂಬಂಧವಿಲ್ಲದಷ್ಟು ಬೇರೆಬೇರೆಯಾಗಿವೆ.

ಮೋಕ್ಷ, ಸಾಕ್ಷಾತ್ಕಾರಗಳ ವಿಚಾರವನ್ನು ಬಲ್ಲವರಿಗೆ ಬಿಟ್ಟು, ಇಲ್ಲಿ ಆರೋಗ್ಯದ ದೃಷ್ಟಿಯಿಂದ ಮಾತ್ರ ಹೋಲಿಕೆ ಮಾಡಲಾಗಿದೆ. ಆಯ್ಕೆಗೆ ಎರಡು ಪ್ರಶ್ನೆಗಳು ಸಾಕು: ನಿಮ್ಮನ್ನು ಕಾಡುತ್ತಿರುವ ತೊಂದರೆ ಯಾವುದು, ಮತ್ತು ನಿಮ್ಮ ಮನೆಯ ದಿನಚರಿಯಲ್ಲಿ ಎಂಟು ವಾರ ತಪ್ಪದೆ ನಿಲ್ಲಬಲ್ಲ ಕ್ರಮ ಯಾವುದು. ಯಾವ ಪಂಥ ಹಳೆಯದು, ಯಾವ ಗುರುವಿಗೆ ಶಿಷ್ಯರು ಹೆಚ್ಚು ಎಂಬುದನ್ನು ಈ ಎರಡಕ್ಕೆ ಉತ್ತರ ದೊರೆತ ಮೇಲೆ ನೋಡಿದರೂ ನಡೆಯುತ್ತದೆ.

ಸಂಶೋಧನೆ ಒಪ್ಪುವುದು ಎಷ್ಟನ್ನು

ಲಾಭದ ಗಾತ್ರವನ್ನು ಮೊದಲೇ ಸರಿಯಾಗಿ ತಿಳಿದಿರುವುದು ಒಳ್ಳೆಯದು, ಏಕೆಂದರೆ ಕೆಲವು ಕರಪತ್ರಗಳನ್ನು ಓದಿದರೆ ಮಧುಮೇಹದಿಂದ ಕ್ಯಾನ್ಸರ್‌ವರೆಗೆ ಧ್ಯಾನದಿಂದ ವಾಸಿಯಾಗದ ಕಾಯಿಲೆಯೇ ಇಲ್ಲವೆಂದು ತೋರುತ್ತದೆ. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಸಂಶೋಧಕರು ಒಟ್ಟು 3,515 ಮಂದಿ ಪಾಲ್ಗೊಂಡಿದ್ದ 47 ಪ್ರಯೋಗಗಳನ್ನು ಒಟ್ಟಿಗೆ ಪರಿಶೀಲಿಸಿ 2014ರಲ್ಲಿ ಪ್ರಕಟಿಸಿದ ವರದಿ ಇಂದಿಗೂ ಉಪಯುಕ್ತವಾದುದು. ಆತಂಕ, ಖಿನ್ನತೆ ಮತ್ತು ನೋವು ಈ ಮೂರರಲ್ಲಿ ಧ್ಯಾನದಿಂದ ಸಣ್ಣದರಿಂದ ಸಾಧಾರಣ ಪ್ರಮಾಣದ ಸುಧಾರಣೆ ಆಗುತ್ತದೆ ಎನ್ನಲು ಅವರಿಗೆ ಆಧಾರ ಸಿಕ್ಕಿತು. ನಿದ್ದೆ, ತೂಕ, ಏಕಾಗ್ರತೆಗಳ ವಿಷಯದಲ್ಲಿ ತೀರ್ಮಾನಕ್ಕೆ ಬರುವಷ್ಟು ಆಧಾರ ಆಗ ಇರಲಿಲ್ಲ. ವ್ಯಾಯಾಮ, ಔಷಧ ಅಥವಾ ಆಪ್ತಸಮಾಲೋಚನೆಗಿಂತ ಧ್ಯಾನ ಮೇಲು ಎಂಬುದಕ್ಕೆ ಯಾವ ಆಧಾರವೂ ದೊರೆಯಲಿಲ್ಲ. ಈ ಕೊನೆಯ ಮಾತನ್ನು ಶಿಬಿರ ನಡೆಸುವವರು ಹೇಳುವುದು ಕಡಿಮೆ.

ಅನಂತರದ ವರ್ಷಗಳಲ್ಲಿ ಚಿತ್ರ ಸ್ವಲ್ಪ ಸ್ಪಷ್ಟವಾಗಿದೆ. ಆತಂಕದ ಕಾಯಿಲೆಯಿದ್ದ 276 ಮಂದಿಯನ್ನು ಎರಡು ಗುಂಪು ಮಾಡಿ, ಒಂದಕ್ಕೆ ಎಸಿಟಲೋಪ್ರಾಮ್ ಎಂಬ ಮಾತ್ರೆಯನ್ನೂ ಇನ್ನೊಂದಕ್ಕೆ ಎಂಟು ವಾರಗಳ ಮೈಂಡ್‌ಫುಲ್‌ನೆಸ್ (ಉಸಿರನ್ನೂ ಮನಸ್ಸಿನ ಓಡಾಟವನ್ನೂ ಗಮನಿಸುವ) ತರಬೇತಿಯನ್ನೂ ಕೊಟ್ಟ ಅಧ್ಯಯನವೊಂದು 2022ರಲ್ಲಿ ಪ್ರಕಟವಾಯಿತು. ತರಬೇತಿ ಮಾತ್ರೆಗಿಂತ ಕಡಿಮೆಯೇನಲ್ಲ ಎಂಬುದು ಅದರ ಫಲಿತಾಂಶ, ಅಡ್ಡಪರಿಣಾಮಗಳ ದೂರು ಮಾತ್ರೆಯ ಗುಂಪಿನಲ್ಲೇ ಹೆಚ್ಚಾಗಿತ್ತು. ಆದರೆ ಆ ತರಬೇತಿಯಲ್ಲಿ ವಾರಕ್ಕೊಂದು ದೀರ್ಘ ತರಗತಿಯೂ ಮನೆಯಲ್ಲಿ ದಿನಕ್ಕೆ ಮುಕ್ಕಾಲು ಗಂಟೆಯ ಅಭ್ಯಾಸವೂ ಇದ್ದವು. ಮೊಬೈಲಿನಲ್ಲಿ ಐದು ನಿಮಿಷದ ಧ್ವನಿ ಕೇಳಿ ಅದೇ ಫಲವನ್ನು ನಿರೀಕ್ಷಿಸಲಾಗದು.

ರಕ್ತದೊತ್ತಡದ ವಿಷಯದಲ್ಲಿ ಅಮೆರಿಕನ್ ಹಾರ್ಟ್ ಅಸೋಸಿಯೇಷನ್ 2017ರಲ್ಲಿ ಎಚ್ಚರಿಕೆಯ ಮಾತನ್ನೇ ಆಡಿತು: ವೈದ್ಯರು ಹೇಳಿದ ಔಷಧ, ಪಥ್ಯ, ವ್ಯಾಯಾಮಗಳ ಜೊತೆಗೆ ಪೂರಕವಾಗಿ ಧ್ಯಾನವನ್ನು ಪರಿಗಣಿಸಬಹುದು, ಅವುಗಳ ಬದಲಿಗೆ ಅಲ್ಲ. ಇನ್ನು ‘ಎಂಟೇ ವಾರದಲ್ಲಿ ಮೆದುಳಿನ ರಚನೆ ಬದಲಾಗುತ್ತದೆ’ ಎಂಬ ಜನಪ್ರಿಯ ಹೇಳಿಕೆಯ ಹಿಂದಿದ್ದ 2011ರ ಅಧ್ಯಯನದಲ್ಲಿ ತರಬೇತಿ ಪಡೆದವರು ಬರೇ 16 ಮಂದಿ. 2022ರಲ್ಲಿ ಇನ್ನೂರಕ್ಕೂ ಹೆಚ್ಚು ಮಂದಿಯನ್ನು ಇಟ್ಟುಕೊಂಡು ನೋಡಿದಾಗ ಅಂಥ ಬದಲಾವಣೆ ಕಾಣಿಸಲಿಲ್ಲ. ಮನಸ್ಸಿಗೆ ಆರಾಮ ಸಿಗಲು ಮೆದುಳು ದಪ್ಪವಾಗಲೇಬೇಕೆಂದೇನೂ ಇಲ್ಲವಷ್ಟೆ.

ಮನೆಯಲ್ಲೇ ಇರುವ ದಾರಿ: ಜಪ

ಕರಾವಳಿಯ ಅನೇಕ ಮನೆಗಳಲ್ಲಿ ಧ್ಯಾನಕ್ಕೆ ಬೇಕಾದ ಅರ್ಧ ಸಿದ್ಧತೆ ಆಗಲೇ ಇದೆ ಎಂಬುದನ್ನು ನಾವು ಗಮನಿಸುವುದಿಲ್ಲ. ಸಂಧ್ಯಾವಂದನೆಯ ಗಾಯತ್ರಿ ಜಪ, ಕೊಂಕಣಿ ಕ್ರೈಸ್ತರ ಮನೆಗಳಲ್ಲಿ ಸಂಜೆ ಎಲ್ಲರೂ ಕುಳಿತು ಹೇಳುವ ತೇರ್ಸ್ ಎಂಬ ಜಪಸರದ ಪ್ರಾರ್ಥನೆ, ಬ್ಯಾರಿ ಹಿರಿಯರ ಕೈಯಲ್ಲಿರುವ ತಸ್ಬೀಹ್ ಎಂಬ ಜಪಮಾಲೆ, ಜೈನರ 48 ನಿಮಿಷಗಳ ಸಾಮಾಯಿಕ, ಇವೆಲ್ಲ ನಿಗದಿತ ಹೊತ್ತಿನಲ್ಲಿ ಒಂದೆಡೆ ಕುಳಿತು ಮನಸ್ಸನ್ನು ಒಂದಕ್ಕೆ ಕಟ್ಟುವ ಕ್ರಮಗಳು. ದೇಹದ ಮೇಲೆ ಇವುಗಳ ಪರಿಣಾಮವನ್ನು ಅಳೆದ ಒಂದು ಪ್ರಯೋಗ ಇಲ್ಲಿನ ಓದುಗರಿಗೆ ವಿಶೇಷವಾಗಿ ಹಿಡಿಸೀತು. ಇಟಲಿಯ ಸಂಶೋಧಕರ ನೇತೃತ್ವದಲ್ಲಿ 23 ಮಂದಿ ಆರೋಗ್ಯವಂತರಿಂದ ಒಮ್ಮೆ ಲ್ಯಾಟಿನ್ ಭಾಷೆಯ ಜಪಸರದ ಪ್ರಾರ್ಥನೆಯನ್ನೂ ಒಮ್ಮೆ ‘ಓಂ ಮಣಿ ಪದ್ಮೇ ಹೂಂ’ ಮಂತ್ರವನ್ನೂ ಹೇಳಿಸಿ ನೋಡಿದಾಗ, ಎರಡರಲ್ಲಿಯೂ ಉಸಿರಾಟ ನಿಮಿಷಕ್ಕೆ ಸುಮಾರು ಆರಕ್ಕೆ ಇಳಿದಿತ್ತು. ರಕ್ತದೊತ್ತಡವನ್ನು ಹದದಲ್ಲಿಡುವ ನರಗಳ ಪ್ರತಿಕ್ರಿಯೆಯೂ ಚುರುಕಾಗಿತ್ತು. ಬ್ರಿಟಿಷ್ ಮೆಡಿಕಲ್ ಜರ್ನಲ್ 2001ರಲ್ಲಿ ಅದನ್ನು ಪ್ರಕಟಿಸಿತು.

ನಾವು ಸಾಮಾನ್ಯವಾಗಿ ನಿಮಿಷಕ್ಕೆ ಹನ್ನೆರಡರಿಂದ ಇಪ್ಪತ್ತು ಬಾರಿ ಉಸಿರಾಡುತ್ತೇವೆ. ಸಾಲನ್ನು ಪೂರ್ತಿ ಹೇಳಿ ಮುಗಿಸಬೇಕಾದಾಗ ಬಿಡುವ ಉಸಿರು ತಾನಾಗಿಯೇ ಉದ್ದವಾಗುತ್ತದೆ, ಹೃದಯದ ಬಡಿತ ತುಸು ಇಳಿಯುತ್ತದೆ, ದೇಹವನ್ನು ವಿಶ್ರಾಂತಿಗೆ ಒಯ್ಯುವ ನರವ್ಯೂಹದ ಕೈ ಮೇಲಾಗುತ್ತದೆ. ಇದರಿಂದ ಒಂದು ವ್ಯಾವಹಾರಿಕ ಸಂಗತಿಯೂ ತಿಳಿಯುತ್ತದೆ: ಹೊತ್ತಾಯಿತೆಂದು ನೂರೆಂಟನ್ನು ನಾಲ್ಕೇ ನಿಮಿಷದಲ್ಲಿ ಓಡಿಸಿದರೆ ಈ ಲಾಭ ಸಿಗುವುದಿಲ್ಲ. ಸಂಖ್ಯೆಯನ್ನು ಇಳಿಸಿ ವೇಗವನ್ನು ತಗ್ಗಿಸಬೇಕು.

ಬಿ.ಪಿ. ಇರುವವರಿಗೆ, ಸುಮ್ಮನೆ ಕುಳಿತರೆ ಮನಸ್ಸು ಹತ್ತು ಕಡೆ ಓಡುತ್ತದೆ ಎಂದು ದೂರುವವರಿಗೆ, ಮತ್ತು ಹೊಸ ಗುರು, ಹೊಸ ಪರಿಭಾಷೆ ಬೇಡವೆನ್ನುವ ಹಿರಿಯರಿಗೆ ನಾನು ಮೊದಲು ಹೇಳುವುದು ಇದನ್ನೇ. ಖರ್ಚಿಲ್ಲ, ಬಸ್ಸು ಹತ್ತಬೇಕಾಗಿಲ್ಲ. ದೇವರಲ್ಲಿ ನಂಬಿಕೆಯಿಲ್ಲದವರು ‘ಒಂದು’ ಎಂಬ ಶಬ್ದವನ್ನೇ ಪ್ರತಿ ಉಸಿರಿಗೆ ಮನಸ್ಸಿನಲ್ಲಿ ಹೇಳಿಕೊಂಡರೂ ಆಗುತ್ತದೆ.

ಮಹರ್ಷಿ ಮಹೇಶ ಯೋಗಿಯವರ ಭಾವಾತೀತ ಧ್ಯಾನವೂ ಮಂತ್ರವನ್ನೇ ಆಧರಿಸಿದ್ದು. ಬೆಳಗ್ಗೆ ಇಪ್ಪತ್ತು, ಸಂಜೆ ಇಪ್ಪತ್ತು ನಿಮಿಷ ಕಣ್ಣುಮುಚ್ಚಿ ಕುಳಿತುಕೊಳ್ಳುವುದು ಅದರ ಕ್ರಮ. ಮಂತ್ರವನ್ನು ತರಬೇತಾದ ಶಿಕ್ಷಕರೇ ಕೊಡುತ್ತಾರೆ, ಶುಲ್ಕವಿದೆ. ಹಾರ್ಟ್ ಅಸೋಸಿಯೇಷನ್ 2013ರಲ್ಲಿ ರಕ್ತದೊತ್ತಡಕ್ಕೆ ಪರಿಗಣಿಸಬಹುದಾದ ಧ್ಯಾನವೆಂದು ಇದೊಂದನ್ನು ಮಾತ್ರ ಹೆಸರಿಸಿತ್ತು, ಅದೂ ದುರ್ಬಲ ಶ್ರೇಣಿಯ ಶಿಫಾರಸಾಗಿ. ಶಿಸ್ತಿನ ಕಲಿಕೆ ಬೇಕೆನ್ನುವವರು ಇದನ್ನು ಆರಿಸಿಕೊಳ್ಳಬಹುದು. ಮನೆಯಲ್ಲಿ ಜಪ ಮಾಡುವ ರೂಢಿಯಿದ್ದವರು ಶುಲ್ಕ ತೆರುವ ಮೊದಲು ಅದನ್ನೇ ಎಂಟು ವಾರ ಸರಿಯಾಗಿ ಮಾಡಿ ನೋಡುವುದು ಮೇಲು.

ಉಸಿರನ್ನು ಗಮನಿಸುವ ಕ್ರಮ

ಆತಂಕ, ದೀರ್ಘಕಾಲದ ಬೆನ್ನುನೋವು, ಮರುಕಳಿಸುವ ಖಿನ್ನತೆ ಇದ್ದವರಿಗೆ ಆಧಾರ ಹೆಚ್ಚಿರುವುದು ಮೈಂಡ್‌ಫುಲ್‌ನೆಸ್ ಕ್ರಮಕ್ಕೆ. ಬೌದ್ಧ ಅಭ್ಯಾಸದಿಂದ ಧಾರ್ಮಿಕ ವಿಧಿಗಳನ್ನು ಬಿಟ್ಟು ಜಾನ್ ಕಬಟ್-ಝಿನ್ ಎಂಬವರು ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರದಲ್ಲಿ 1979ರಲ್ಲಿ ಆರಂಭಿಸಿದ ತರಬೇತಿ ಇದರ ಮೂಲ. ಎಂಟು ವಾರ, ವಾರಕ್ಕೆ ಎರಡೂವರೆ ಗಂಟೆ, ನಡುವೆ ಒಂದು ದಿನ ಪೂರ್ತಿ ಮೌನ. ಉಸಿರು ಬರುವುದನ್ನೂ ಹೋಗುವುದನ್ನೂ ಗಮನಿಸಬೇಕು, ಮನಸ್ಸು ಬೇರೆಡೆ ಹೋದದ್ದು ಗೊತ್ತಾದಾಗ ಬೈದುಕೊಳ್ಳದೆ ಮರಳಿ ತರಬೇಕು. ನೋವಿದ್ದರೆ ನೋವನ್ನೂ ಹಾಗೆಯೇ ಗಮನಿಸಬೇಕು. ಸೊಂಟನೋವಿನ 342 ಮಂದಿಯ ಮೇಲೆ ನಡೆದು 2016ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಆರು ತಿಂಗಳ ಬಳಿಕ ಈ ತರಬೇತಿ ಪಡೆದವರಲ್ಲಿ ನೂರಕ್ಕೆ 61 ಮಂದಿಯ ಓಡಾಟ, ಕೆಲಸಕಾರ್ಯ ಗಮನಾರ್ಹವಾಗಿ ಸುಧಾರಿಸಿತ್ತು. ಮಾಮೂಲಿ ಚಿಕಿತ್ಸೆಯಲ್ಲೇ ಇದ್ದವರಲ್ಲಿ ಅದು 44. ವರ್ತನಾ ಚಿಕಿತ್ಸೆ ಪಡೆದವರೂ ಹೆಚ್ಚುಕಡಿಮೆ ಇಷ್ಟೇ ಸುಧಾರಿಸಿದ್ದರು ಎಂಬುದನ್ನೂ ಸೇರಿಸಿ ಓದಬೇಕು. ವಯಸ್ಸಾದವರ ನಿದ್ದೆಯ ತೊಂದರೆಗೂ ಈ ಬಗೆಯ ತರಬೇತಿ ನೆರವಾಗುತ್ತದೆಂದು 2015ರ ಸಣ್ಣ ಅಧ್ಯಯನವೊಂದು ತೋರಿಸಿತು.

ನಮ್ಮ ಕಡೆ ಇದರ ತೊಡಕು ಭಾಷೆಯದು. ಪ್ರಸಿದ್ಧ ಆ್ಯಪ್‌ಗಳ ಧ್ವನಿ ಬಹುಪಾಲು ಇಂಗ್ಲಿಷ್, ಮತ್ತು ‘ಕಾಲಿನ ಹೆಬ್ಬೆರಳನ್ನು ಗಮನಿಸಿ’ ಎಂಬ ಸರಳ ಸೂಚನೆಯನ್ನೂ ಪರಭಾಷೆಯಲ್ಲಿ ಕೇಳುತ್ತಾ ಮನಸ್ಸಿನಲ್ಲಿ ಅನುವಾದ ಮಾಡಿಕೊಳ್ಳುವವರಿಗೆ ವಿಶ್ರಾಂತಿ ಸಿಗುವುದು ಕಷ್ಟ. ಕನ್ನಡದಲ್ಲಿ ಹೇಳಿಕೊಡುವ ಶಿಕ್ಷಕರು, ತುಳುವಿನಲ್ಲೂ ಮಾತಾಡಬಲ್ಲವರು, ಯೋಗ ಮತ್ತು ಪ್ರಕೃತಿ ಚಿಕಿತ್ಸಾ ಕೇಂದ್ರಗಳಲ್ಲಿ ಸಿಗುವ ಸಾಧ್ಯತೆ ಹೆಚ್ಚು. ಉಜಿರೆಯ ಪ್ರಕೃತಿ ಚಿಕಿತ್ಸಾ ಕಾಲೇಜು 1989ರಿಂದ ಈ ವಿಷಯದಲ್ಲಿ ವೈದ್ಯರನ್ನು ತಯಾರಿಸುತ್ತಿದೆ; ಕೊಣಾಜೆಯ ಮಂಗಳೂರು ವಿಶ್ವವಿದ್ಯಾಲಯದಲ್ಲಿ ಮಾನವ ಪ್ರಜ್ಞೆ ಮತ್ತು ಯೋಗ ವಿಜ್ಞಾನಕ್ಕೆ ಪ್ರತ್ಯೇಕ ವಿಭಾಗವೇ ಇದೆ; ಉಡುಪಿಯವರಿಗೆ ಪರೀಕದ ಸೌಖ್ಯವನ ಹತ್ತಿರ. ಇಂಗ್ಲಿಷ್ ಸಲೀಸಾಗಿರುವ ಮಣಿಪಾಲದ ವಿದ್ಯಾರ್ಥಿಗೆ ಆ್ಯಪ್ ಸಾಕಾದೀತು, ಅದನ್ನು ಮಲಗುವ ಮುಂಚೆ ತೆರೆದು ಹಾಗೆಯೇ ರೀಲ್ಸ್‌ಗೆ ಜಾರದಿದ್ದರೆ.

ಹತ್ತು ದಿನಗಳ ವಿಪಶ್ಯನ

ಬರ್ಮಾದಲ್ಲಿ ಹುಟ್ಟಿ ಬೆಳೆದ ಎಸ್. ಎನ್. ಗೋಯೆಂಕಾ ಅವರು 1969ರಲ್ಲಿ ಭಾರತಕ್ಕೆ ತಂದ ಶಿಬಿರವಿದು. ಮಹಾರಾಷ್ಟ್ರದ ಇಗತ್‌ಪುರಿ ಇದರ ಮುಖ್ಯ ಕೇಂದ್ರ, ಬೆಂಗಳೂರಿನ ಹೊರವಲಯದಲ್ಲಿಯೂ ಒಂದು ಕೇಂದ್ರವಿದೆ. ಬೆಳಗಿನ ಜಾವ ನಾಲ್ಕಕ್ಕೆ ಏಳಬೇಕು, ದಿನಕ್ಕೆ ಸುಮಾರು ಹತ್ತು ಗಂಟೆ ಕುಳಿತುಕೊಳ್ಳಬೇಕು, ಹತ್ತನೆಯ ದಿನದವರೆಗೆ ಯಾರೊಂದಿಗೂ ಮಾತಿಲ್ಲ, ಮೊಬೈಲ್ ಇಲ್ಲ, ಪುಸ್ತಕವಿಲ್ಲ, ರಾತ್ರಿಯ ಊಟವೂ ಇಲ್ಲ. ಮೊದಲ ಮೂರು ದಿನ ಮೂಗಿನ ಬಳಿ ಉಸಿರಿನ ಗಮನ, ಆಮೇಲೆ ದೇಹದ ಸಂವೇದನೆಗಳ ಗಮನ. ಶುಲ್ಕವಿಲ್ಲ, ಮುಗಿಸಿದವರು ಇಷ್ಟವಿದ್ದರೆ ದಾನ ಕೊಡಬಹುದು.

ಇದರ ಬಗ್ಗೆ ಗೌರವವಿಟ್ಟುಕೊಂಡೇ ಹೇಳುತ್ತೇನೆ, ಆರಂಭಕ್ಕೆ ಇದು ತಕ್ಕುದಲ್ಲ. ದಿನಕ್ಕೆ ಹತ್ತು ನಿಮಿಷ ಕುಳಿತು ರೂಢಿಯಿಲ್ಲದವರು ನೇರ ಹತ್ತು ಗಂಟೆಗೆ ಇಳಿಯುವುದು ಈಜು ಬಾರದವರು ಆಷಾಢದಲ್ಲಿ ಮಲ್ಪೆಯ ಕಡಲಿಗೆ ಇಳಿದ ಹಾಗೆ. ಧ್ಯಾನದಿಂದಾಗುವ ಅಹಿತಕರ ಪರಿಣಾಮಗಳ ಬಗ್ಗೆ 83 ಅಧ್ಯಯನಗಳನ್ನು ಒಟ್ಟುಗೂಡಿಸಿದ 2020ರ ಪರಿಶೀಲನೆಯಲ್ಲಿ, ಅಭ್ಯಾಸ ಮಾಡಿದವರಲ್ಲಿ ನೂರಕ್ಕೆ ಸುಮಾರು ಎಂಟು ಮಂದಿಗೆ ಆತಂಕ, ಖಿನ್ನತೆ ಮೊದಲಾದ ತೊಂದರೆಗಳು ಕಾಣಿಸಿಕೊಂಡದ್ದು ದಾಖಲಾಗಿದೆ. ದೀರ್ಘ ಮೌನದಲ್ಲಿ ಹಳೆಯ ದುಃಖ, ಭಯಗಳು ಮೇಲೆದ್ದಾಗ ಅವನ್ನು ತಾಳಿಕೊಳ್ಳುವ ಅಭ್ಯಾಸ ಮೊದಲೇ ಆಗಿರಬೇಕು. ಸ್ಕಿಜೋಫ್ರೇನಿಯಾ, ಬೈಪೋಲಾರ್ ಕಾಯಿಲೆ ಅಥವಾ ತೀವ್ರ ಖಿನ್ನತೆಯ ಹಿನ್ನೆಲೆ ಇದ್ದವರು ಮನೋವೈದ್ಯರನ್ನು ಕೇಳದೆ ಹೋಗಲೇಬಾರದು. ಅರ್ಜಿಯಲ್ಲಿ ಈ ಬಗ್ಗೆ ಕೇಳುತ್ತಾರೆ, ಅಲ್ಲಿ ಮುಚ್ಚಿಡುವುದು ತಮಗೇ ಅಪಾಯ. ಇನ್ಸುಲಿನ್ ತೆಗೆದುಕೊಳ್ಳುವವರು ರಾತ್ರಿ ಊಟವಿಲ್ಲದ ವ್ಯವಸ್ಥೆಯ ಬಗ್ಗೆಯೂ ಮುಂಚಿತವಾಗಿ ಮಾತಾಡಿಕೊಳ್ಳಬೇಕು. ಮನೆಯಲ್ಲಿ ಒಂದು ವರ್ಷ ಕುಳಿತು ರೂಢಿಯಾದವರಿಗಾದರೆ ಈ ಹತ್ತು ದಿನಗಳು ನಿಜಕ್ಕೂ ಬೆಲೆಯುಳ್ಳವು.

ಉಳಿದವು

ಸುದರ್ಶನ ಕ್ರಿಯೆ ಉಸಿರಾಟದ ಲಯಗಳನ್ನು ಬದಲಿಸುವ ಕ್ರಮ. ಶ್ರೀ ಶ್ರೀ ರವಿಶಂಕರ್ ಅವರು 1982ರಲ್ಲಿ ಶಿವಮೊಗ್ಗದಲ್ಲಿ ಹತ್ತು ದಿನಗಳ ಮೌನದ ಬಳಿಕ ಇದನ್ನು ಆರಂಭಿಸಿದರೆಂದು ಆರ್ಟ್ ಆಫ್ ಲಿವಿಂಗ್ ಹೇಳುತ್ತದೆ. ಖಿನ್ನತೆಯಿಂದ ನರಳುತ್ತಿದ್ದ 45 ರೋಗಿಗಳ ಮೇಲೆ ಬೆಂಗಳೂರಿನ ನಿಮ್ಹಾನ್ಸ್ ಮಾಡಿ 2000ದಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ನಾಲ್ಕು ವಾರಗಳ ಬಳಿಕ ವಿದ್ಯುತ್ ಚಿಕಿತ್ಸೆಯಿಂದ ನೂರಕ್ಕೆ 93, ಇಮಿಪ್ರಮಿನ್ ಮಾತ್ರೆಯಿಂದ 73, ಈ ಕ್ರಿಯೆಯಿಂದ 67 ಮಂದಿ ಚೇತರಿಸಿಕೊಂಡಿದ್ದರು. ಗುಂಪುಗಳು ಚಿಕ್ಕವಾದರೂ ಫಲಿತಾಂಶ ಕಡೆಗಣಿಸುವಂಥದ್ದಲ್ಲ. ಸುಮ್ಮನೆ ಕೂರಲಾಗದ ಚಡಪಡಿಕೆಯ ಯುವಕರಿಗೆ ಇದು ಹಿಡಿಸುತ್ತದೆ. ವೇಗದ ಉಸಿರಾಟವಿರುವ ಇಂಥ ಕ್ರಮಗಳಿಗೆ ಮುನ್ನ ಗರ್ಭಿಣಿಯರು, ಹೃದ್ರೋಗಿಗಳು, ಅಪಸ್ಮಾರ ಅಥವಾ ಹತೋಟಿಗೆ ಬಾರದ ಬಿ.ಪಿ. ಇರುವವರು ವೈದ್ಯರ ಒಪ್ಪಿಗೆ ಪಡೆಯಬೇಕು.

ಬ್ರಹ್ಮಾಕುಮಾರಿಯವರ ರಾಜಯೋಗವನ್ನು ಕಣ್ಣು ತೆರೆದೇ ಮಾಡುತ್ತಾರೆ, ಕಲಿಕೆಗೆ ಶುಲ್ಕವಿಲ್ಲ; ಆದರೆ ಪಾಠದಲ್ಲಿ ಧ್ಯಾನದಷ್ಟೇ ತತ್ತ್ವವೂ ಇರುತ್ತದೆ, ಅದು ಒಪ್ಪಿಗೆಯಾಗುತ್ತದೆಯೇ ಎಂದು ನೋಡಿಕೊಂಡು ಮುಂದುವರಿಯಬೇಕು. ಮಂಗಳಾದೇವಿಯ ರಾಮಕೃಷ್ಣ ಮಠದಂಥ ಕಡೆ ಯಾರ ಅಭ್ಯಂತರವೂ ಇಲ್ಲದೆ ಸ್ವಲ್ಪ ಹೊತ್ತು ಮೌನವಾಗಿ ಕುಳಿತುಬರಬಹುದು, ಮನೆಯಲ್ಲಿ ಗದ್ದಲವಿರುವವರಿಗೆ ಇದು ದೊಡ್ಡ ಅನುಕೂಲ. ಮಲಗಿ ಮಾಡುವ ಯೋಗನಿದ್ರೆ ನಿದ್ದೆ ಬಾರದವರಿಗೂ ಗಂಟುನೋವಿನಿಂದ ಕೂರಲಾಗದವರಿಗೂ ಸೂಕ್ತ. ನಡುವೆ ನಿದ್ದೆ ಹತ್ತಿದರೆ ಅದನ್ನು ಸೋಲೆಂದು ತಿಳಿಯಬೇಕಾಗಿಲ್ಲ.

ಆರಂಭಿಸುವ ಬಗೆ

ಯಾವುದನ್ನೇ ಆರಿಸಿಕೊಂಡರೂ ಮೊದಲ ವಾರ ಹತ್ತು ನಿಮಿಷ ಸಾಕು, ಮೂರನೆಯ ವಾರ ಹದಿನೈದು, ಒಂದು ತಿಂಗಳ ಬಳಿಕ ಇಪ್ಪತ್ತು. ಪದ್ಮಾಸನ ಹಾಕಲೇಬೇಕೆಂಬ ಹಟ ಬೇಡ. ಮಣೆಯ ಮೇಲೆ ಮಡಚಿದ ಕಂಬಳಿ ಹಾಕಿ ಸುಖಾಸನದಲ್ಲಿ ಕುಳಿತರೂ, ಮೊಣಕಾಲು ಒಪ್ಪದಿದ್ದರೆ ಪಾದ ನೆಲಕ್ಕೆ ತಾಗುವಂತೆ ಕುರ್ಚಿಯಲ್ಲಿ ಕುಳಿತರೂ ಫಲದಲ್ಲಿ ವ್ಯತ್ಯಾಸವಿಲ್ಲ, ಬೆನ್ನು ನೆಟ್ಟಗಿದ್ದರಾಯಿತು. ಮಧ್ಯಾಹ್ನ ಕುಚ್ಚಲಕ್ಕಿ ಅನ್ನ ಉಂಡು ತಕ್ಷಣ ಕುಳಿತವರು ಧ್ಯಾನಕ್ಕಿಂತ ತೂಕಡಿಕೆಯನ್ನೇ ಅಭ್ಯಾಸ ಮಾಡುತ್ತಾರೆ. ಊಟಕ್ಕೂ ಧ್ಯಾನಕ್ಕೂ ನಡುವೆ ಎರಡು ಗಂಟೆಯಾದರೂ ಇರಲಿ.

ಇಲ್ಲಿನ ಹವೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಏಪ್ರಿಲ್, ಮೇ ತಿಂಗಳ ಸೆಖೆಯಲ್ಲಿ ಎಂಟು ಗಂಟೆಯ ಬಳಿಕ ಕುಳಿತರೆ ಗಮನವೆಲ್ಲ ಬೆನ್ನಿನ ಬೆವರಿನ ಮೇಲೆಯೇ ಇರುತ್ತದೆ, ಹಾಗಾಗಿ ಬೆಳಗ್ಗೆ ಸ್ನಾನವಾದ ಕೂಡಲೇ ಕುಳಿತುಕೊಳ್ಳುವುದು ಒಳ್ಳೆಯದು. ಮುಸ್ಸಂಜೆ ಜಗಲಿಯಲ್ಲಿ ಕೂರುವ ಆಸೆ ಸಹಜವೇ, ಆದರೆ ಮಲೇರಿಯಾ, ಡೆಂಗಿ ಎರಡನ್ನೂ ಕಂಡ ಮಂಗಳೂರಿನಲ್ಲಿ ಸೊಳ್ಳೆಬಲೆಯಿಲ್ಲದೆ ಆ ಸಾಹಸ ಬೇಡ. ಮಳೆಗಾಲ ಮಾತ್ರ ನಮ್ಮ ಪರವಾಗಿದೆ: ಹಂಚಿನ ಮೇಲೆ ಬೀಳುವ ಮಳೆಯ ಒಂದೇ ಸಮನೆಯ ಸದ್ದಿಗೆ ಬೀದಿಯ ಗದ್ದಲ ಮುಚ್ಚಿಹೋಗುತ್ತದೆ, ಉಸಿರಿನ ಬದಲು ಆ ಸದ್ದನ್ನೇ ಗಮನಿಸಿದರೂ ಆಗುತ್ತದೆ.

ಎಲ್ಲರಿಗೂ ಬ್ರಾಹ್ಮೀ ಮುಹೂರ್ತವನ್ನು ಹೇಳುವುದು ನ್ಯಾಯವಲ್ಲ. ಮೀನುಗಾರಿಕೆಗೆ ಹೋಗುವವರಿಗೆ ನಸುಕಿನ ಹೊತ್ತೇ ಕೆಲಸದ ಹೊತ್ತು. ತಿರುಗಾಟದಲ್ಲಿರುವ ಯಕ್ಷಗಾನ ಕಲಾವಿದರು ಬೆಳಗ್ಗೆ ನಿದ್ದೆ ಮಾಡಬೇಕು. ಆಸ್ಪತ್ರೆಯಲ್ಲಿ ರಾತ್ರಿಪಾಳಿ ಮುಗಿಸಿ ಬರುವ ದಾದಿಯರಿಗೆ ಮೊದಲು ಬೇಕಾದದ್ದು ಹಾಸಿಗೆ. ನಿದ್ದೆಯನ್ನು ಕಡಿದು ಧ್ಯಾನ ಮಾಡಿದರೆ ಆರೋಗ್ಯಕ್ಕೆ ನಷ್ಟವೇ ಹೆಚ್ಚು. ದಿನಕ್ಕೊಂದು ನಿಶ್ಚಿತ ಹೊತ್ತು, ಮನೆಯಲ್ಲಿ ನಿಶ್ಚಿತ ಜಾಗ, ಈ ಎರಡನ್ನು ಉಳಿಸಿಕೊಂಡರೆ ಗಡಿಯಾರದಲ್ಲಿ ಎಷ್ಟು ಗಂಟೆ ಎಂಬುದು ಮುಖ್ಯವಲ್ಲ. ಮಂಗಳೂರು–ಉಡುಪಿ ನಡುವೆ ದಿನವೂ ಓಡಾಡುವವರು ಎಕ್ಸ್‌ಪ್ರೆಸ್ ಬಸ್ಸಿನ ಒಂದೂವರೆ ಗಂಟೆಯನ್ನು ಬಳಸಿಕೊಳ್ಳಬಹುದೇ ಎಂದು ಕೇಳುವುದುಂಟು. ಸೀಟು ಸಿಕ್ಕಿದ ದಿನ ಕಣ್ಣುಮುಚ್ಚಿ ಉಸಿರು ಎಣಿಸಿದರೆ ದಣಿವು ಇಳಿಯುತ್ತದೆ ನಿಜ, ಆದರೆ ಅದನ್ನೇ ದಿನದ ಅಭ್ಯಾಸವೆಂದು ನಂಬಿಕೊಂಡರೆ ಸೀಟು ಸಿಗದ ದಿನ ಅಭ್ಯಾಸವೂ ಇಲ್ಲ.

ಮನಸ್ಸು ಓಡುವುದು ತಪ್ಪಲ್ಲ, ಓಡಿದ್ದನ್ನು ಗುರುತಿಸಿ ಮರಳುವುದೇ ಇಲ್ಲಿನ ವ್ಯಾಯಾಮ. ಆದರೆ ಕುಳಿತಾಗಲೆಲ್ಲ ಎದೆ ಡವಗುಟ್ಟುವುದು, ಅಳು ಉಕ್ಕುವುದು, ತಾನು ತಾನಲ್ಲವೆಂಬ ಭಾವ ಬರುವುದು ನಾಲ್ಕಾರು ದಿನ ಮುಂದುವರಿದರೆ ‘ಸಾಧನೆಯ ಹಂತ’ ಎಂಬ ಸಮಾಧಾನವನ್ನು ಒಪ್ಪದೆ ನಿಲ್ಲಿಸಬೇಕು, ವೈದ್ಯರನ್ನು ಕಾಣಬೇಕು. ಕೇಂದ್ರ ಸರಕಾರದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲಿಯೇ ಮಾತಾಡಬಹುದು, ಶುಲ್ಕವಿಲ್ಲ.

ಎಂಟು ವಾರಗಳ ಲೆಕ್ಕವನ್ನು ಬರೆದಿಡಿ. ಆತಂಕಕ್ಕಾಗಿ ಆರಂಭಿಸಿದವರು ವಾರಕ್ಕೊಮ್ಮೆ ಅದರ ತೀವ್ರತೆಗೆ ಹತ್ತರಲ್ಲಿ ಅಂಕ ಕೊಟ್ಟುಕೊಳ್ಳಬಹುದು, ನಿದ್ದೆಗಾಗಿ ಆರಂಭಿಸಿದವರು ಮಲಗಿದ, ಎದ್ದ ಹೊತ್ತನ್ನು ಬರೆಯಬಹುದು, ಬಿ.ಪಿ. ಇರುವವರು ವಾರಕ್ಕೆರಡು ಬಾರಿ, ಧ್ಯಾನ ಮುಗಿಸಿದ ಕೂಡಲೇ ಅಲ್ಲ, ದಿನದ ಬೇರೊಂದು ನಿಶ್ಚಿತ ಹೊತ್ತಿನಲ್ಲಿ ಅಳೆದು ಗುರುತು ಮಾಡಬಹುದು. ನಿಯಮಿತವಾಗಿ ಕುಳಿತೂ ಅಂಕಗಳು ಕದಲದಿದ್ದರೆ ಕ್ರಮವನ್ನು ಬದಲಿಸಿ, ಜಪದಿಂದ ಉಸಿರಿನ ಗಮನಕ್ಕೋ ಕುಳಿತು ಮಾಡುವುದರಿಂದ ಯೋಗನಿದ್ರೆಗೋ ಹೋಗಬಹುದು. ಕೂರುವುದೇ ತಪ್ಪುತ್ತಿದ್ದರೆ ಕ್ರಮವನ್ನು ದೂರದೆ ನಿಮಿಷಗಳನ್ನು ಇಳಿಸಬೇಕು. ಅಂಕಿಗಳು ಇಳಿದಿದ್ದರೆ ಆ ಪುಸ್ತಕವನ್ನು ವೈದ್ಯರಿಗೆ ತೋರಿಸಿ. ಮಾತ್ರೆಯ ಪ್ರಮಾಣವನ್ನು ಇಳಿಸಬೇಕೋ ಬೇಡವೋ ಎಂಬುದನ್ನು ಅವರೇ ಹೇಳಲಿ, ಅಲ್ಲಿಯವರೆಗೆ ಒಂದು ಮಾತ್ರೆಯನ್ನೂ ಬಿಡಬೇಡಿ.